ಹತ್ತು ಐವತ್ತೆರಡರ ಗಾಳಿ

"ಅಯ್ಯೋ, ಇದು ನನ್ನ ಹೆಬ್ಬೆರಳನ್ನೇ ಒಳಗೆ ಎಳ್ಕೊಳ್ತಾ ಇದೆಯಲ್ಲೇ," ಎಂದು ಹಿರಿಯಮ್ಮ ತಾರಸಿಯ ಮೇಲಿನಿಂದ ಕೂಗಿದರು.

"ಬಿಡಬೇಡಿ ಅತ್ತೆ, ಇನ್ನೊಂದು ನಿಮಿಷ," ಎಂದು ಅತ್ತಿಗೆ ಅಂಗಳದಿಂದ ಕೂಗಿ ಹೇಳಿದಳು.

"ನಿನ್ನ ಪತ್ತೇದಾರಿಕೆಗೆ ನನ್ನ ಬೆರಳೇ ಬೇಕಿತ್ತಾ?"

"ಈ ಮನೇಲಿ ಹಿಡಿದದ್ದನ್ನ ಬಿಡದ ಕೈ ನಿಮ್ಮದೊಂದೇ."

ಅತ್ತಿಗೆ ಎಂದು ಅವಳನ್ನು ಮೊದಲು ಕರೆದವನು ಮೈದುನ. ಅವನ ಬಾಯಿಂದ ಬೀದಿಯವರು ಕಲಿತರು, ಬೀದಿಯವರಿಂದ ಊರು ಕಲಿಯಿತು. ಈಗ ಪೊಲೀಸ್ ಠಾಣೆಯ ದೊಡ್ಡವರೂ ಫೋನ್ ಎತ್ತಿದರೆ "ಅತ್ತಿಗೆ, ಒಂದು ಕಳ್ಳತನ ಆಗಿದೆ" ಎಂದೇ ಶುರು ಮಾಡುತ್ತಿದ್ದರು.

ತಾರಸಿಯಿಂದ ಅಂಗಳದ ಬಕೆಟ್‌ಗೆ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯೊಂದು ಇಳಿದಿತ್ತು. ಮೇಲಿನ ತುದಿಯನ್ನು ಮಡಚಿ ದಾರದಲ್ಲಿ ಬಿಗಿದಿದ್ದರು. ಗಂಟಿನ ಪಕ್ಕದಲ್ಲಿ ಒಂದು ತೂತು, ತೂತಿನ ಮೇಲೆ ಹಿರಿಯಮ್ಮನ ಹೆಬ್ಬೆರಳು. ಕೆಳಗಿನ ತುದಿ ತೆರೆದೇ ಇದ್ದರೂ ನೀರು ಬೀಳದೆ ಒಳಗೇ ನೇತಾಡುತ್ತಿತ್ತು. ಮೇಲ್ಗಡೆ ಒಂದು ಮೊಳದಷ್ಟು ಕೊಳವೆ ಎರಡೂ ಕಡೆಯಿಂದ ಅಂಟಿಕೊಂಡು ರಿಬ್ಬನ್ನಿನ ಹಾಗೆ ಚಪ್ಪಟೆಯಾಗಿತ್ತು.

ಗುಡ್ಡದ ಮೇಲೆ ಹಾದುಹೋಗುವ ಊರಿನ ದೊಡ್ಡ ಉಕ್ಕಿನ ಪೈಪು, ಮಂಗಳವಾರ ರಿಪೇರಿಗೆಂದು ನೀರು ಖಾಲಿ ಮಾಡುವಾಗ ಹೀಗೆಯೇ ಚಪ್ಪಟೆಯಾಗಿತ್ತು. ನೀರು ಬಿಟ್ಟ ವಾಲ್ವ್‌ಮನ್ನರ ಆತುರವೇ ಕಾರಣವೆಂದು ಇವತ್ತು, ಶನಿವಾರ, ಸಂಜೆ ನಾಲ್ಕಕ್ಕೆ ಅವರನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ಸಹಿ ಬೀಳಲಿತ್ತು.

"ಈಗ ಬೆರಳು ತೆಗಿಯಮ್ಮ," ಎಂದ ಮೈದುನ.

ಹಿರಿಯಮ್ಮ ತೆಗೆದರು. ತೂತು ಒಮ್ಮೆ ಬುಸ್ಸೆಂದಿತು. ಚಪ್ಪಟೆಯಾಗಿದ್ದ ಕೊಳವೆ ಉಬ್ಬಿ ದುಂಡಗಾಯಿತು, ನೀರೆಲ್ಲಾ ಒಂದೇ ಉಸಿರಿಗೆ ಬಕೆಟ್ಟಿಗೆ ಬಿದ್ದು ಮೈದುನನ ಪ್ಯಾಂಟು ಮೊಣಕಾಲವರೆಗೆ ತೊಯ್ದಿತು.

"ಚೆಲ್ಲಬೇಡ್ರೋ, ಐದು ದಿನದಿಂದ ಟ್ಯಾಂಕರ್ ನೀರು. ಅದರಲ್ಲೇ ನಾನು ಪಾತ್ರೆ ತೊಳೀಬೇಕು," ಎಂದು ಹಿರಿಯಮ್ಮ ಇಳಿದು ಬಂದರು. ಬೈಗುಳ ಬಾಯಲ್ಲಿತ್ತು, ಮುಖದಲ್ಲಿ ಮಾತ್ರ ಇನ್ನೊಂದು ಸಲ ಮಾಡೋಣವೇ ಎಂಬ ಆಸೆ.

ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ ಟೈಲರಮ್ಮ ಮಾತ್ರ ನಗಲಿಲ್ಲ. ಕುತ್ತಿಗೆಯ ಅಳತೆ ಟೇಪನ್ನೂ ತೆಗೆಯದೆ ಅಂಗಡಿಯಿಂದ ನೇರ ಓಡಿ ಬಂದಿದ್ದರು. ವಾಲ್ವ್‌ಮನ್ನರ ಹೆಂಡತಿ ಅವರೇ; ಅತ್ತಿಗೆಯನ್ನು ಈ ಕೆಲಸಕ್ಕೆ ಹಚ್ಚಿದವರೂ ಅವರೇ.

"ನೀರು ಹೊರಗೆ ಹೋದ ಜಾಗಕ್ಕೆ ಗಾಳಿ ಒಳಗೆ ಬರ್ಬೇಕು ಟೈಲರಮ್ಮ," ಎಂದ ಮೈದುನ. "ಬರದಿದ್ರೆ ಪೈಪೇ ಒಳಕ್ಕೆ ಕುಸಿಯುತ್ತೆ. ಅದಕ್ಕೇ ಗುಡ್ಡದ ನೆತ್ತಿ ಮೇಲೆ ಗಾಳಿ ಬಿಡೋ ಏರ್ ವಾಲ್ವ್ ಇಟ್ಟಿರೋದು. ಅದರ ಕೆಳಗೆ ಒಂದು ಚಕ್ರ ಇದೆ. ಚಕ್ರ ತಿರುಗಿಸಿ ಮುಚ್ಚಿದ್ರೆ, ಅಮ್ಮ ಬೆರಳಿಟ್ಟ ಹಾಗೆ."

"ಆದ್ರೆ ಆ ಚಕ್ರ ಪೂರ್ತಿ ತೆರೆದೇ ಇತ್ತಲ್ಲಪ್ಪ. ಮಧ್ಯಾಹ್ನ ಹೋದ ತನಿಖೆಯವರೆಲ್ಲ ನೋಡಿದ್ದಾರೆ. ಅದು ಸರಿಯಾಗಿದೆ, ಹಾಗಾದ್ರೆ ತಪ್ಪು ಇವರದ್ದೇ ಅಂತ ಬರೆದ್ರು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದರು ಹಿರಿಯಮ್ಮ.

"ಮೂವತ್ತೊಂದು ವರ್ಷ ಅತ್ತಿಗೆ. ಮೂರು ಸುತ್ತು ತಿರುಗಿಸೋದು, ನಿಲ್ಲೋದು, ಪೈಪಿಗೆ ಕಿವಿ ಕೊಡೋದು. ಮತ್ತೆ ಮೂರು ಸುತ್ತು. ಮನೇಲಿ ಡಬ್ಬಿ ಮುಚ್ಚಳಾನೂ ಹಾಗೇ ತೆಗೀತಾರೆ. ಅಂಥವರು ಆತುರ ಪಡ್ತಾರಾ? ಐದು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾರೆ. ಯಾಕೆ ಅಂದ್ರೆ ನನ್ನ ಹತ್ರಾನೂ ಹೇಳಲ್ಲ."

ಅತ್ತಿಗೆ ಗಡಿಯಾರ ನೋಡಿದಳು. ಹನ್ನೆರಡೂವರೆ. "ಒಳಗೆ ಬನ್ನಿ," ಎಂದಳು. "ಇವನ ಸುಳ್ಳು ಪೈಪು ಏನು ಹೇಳುತ್ತೋ ನೋಡೋಣ."

ಸುಳ್ಳು ಪೈಪು ಎಂದು ಹೆಸರಿಟ್ಟವರು ಹಿರಿಯಮ್ಮ. ಮೈದುನ ಅದನ್ನು ಸಿಮ್ಯುಲೇಶನ್ ಎನ್ನುತ್ತಿದ್ದ. ನೀರಿನ ಕಚೇರಿಗೆ ಸೇರಿ ಆರು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ದಿನ ಊಟ ನಿದ್ದೆ ಬಿಟ್ಟು, ಮೂರು ಕಿಲೋಮೀಟರ್ ಉದ್ದದ ಪೈಪನ್ನು ಏರು ಇಳಿತ, ದಪ್ಪ, ವಾಲ್ವುಗಳ ಸಮೇತ ಲ್ಯಾಪ್‌ಟಾಪಿನೊಳಗೆ ಕಟ್ಟಿ ಕೂರಿಸಿದ್ದ. ಅದರಲ್ಲಿ ಯಾವ ಚಕ್ರವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಜಾಗದಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಎಂದು ಕೇಳಬಹುದಿತ್ತು.

ಊಟದ ಮೇಜಿನ ಸುತ್ತ ನಾಲ್ಕೂ ತಲೆಗಳು ಸೇರಿದವು.

"ಈ ಕಪ್ಪು ಗೆರೆ ಮಂಗಳವಾರದ್ದು. ಗುಡ್ಡದ ನೆತ್ತಿ ಹತ್ರ ಇರೋ ಮಾಪಕ ಬರೆದದ್ದು, ಅಂದ್ರೆ ನಿಜವಾಗಿ ನಡೆದದ್ದು," ಎಂದ ಮೈದುನ. "ಕೆಂಪು ಗೆರೆ ನನ್ನ ಲೆಕ್ಕದ್ದು. ಎರಡೂ ಒಂದರ ಮೇಲೊಂದು ಕೂತ್ರೆ ನನ್ನ ಲೆಕ್ಕ ನಿಜ."

"ಮೊದಲು ತನಿಖೆಯವರ ಕಥೆ ಹಾಕು," ಎಂದಳು ಅತ್ತಿಗೆ. "ಮೇಲೆ ತೆರೆದಿದೆ. ಕೆಳಗೆ ಕಣಿವೇಲಿ ಇವರ ಯಜಮಾನರು ಆತುರದಲ್ಲಿ ನೀರಿನ ಚಕ್ರ ಪೂರ್ತಿ ಬಿಟ್ಟುಬಿಟ್ಟರು."

ಕೆಂಪು ಗೆರೆ ಸ್ವಲ್ಪ ಕೆಳಗೆ ಬಾಗಿ, ನಾಚಿಕೊಂಡಂತೆ ಮೇಲೆ ಬಂತು. ಕಪ್ಪು ಗೆರೆ ಎಲ್ಲೋ ಪಾತಾಳದಲ್ಲಿತ್ತು.

"ನೋಡಿದ್ರಾ? ಎಷ್ಟೇ ಆತುರ ಪಟ್ಟರೂ, ಮೇಲೆ ಗಾಳಿ ಬರ್ತಿದ್ರೆ ಪೈಪು ಚಪ್ಪಟೆಯಾಗೋಷ್ಟು ಇಳಿಯೋದೇ ಇಲ್ಲ."

"ಈಗ ಮೇಲಿನದು ಮುಚ್ಚು. ಕೆಳಗೆ ಮೂರೇ ಸುತ್ತು."

ಮೈದುನ ಕೀಲಿ ಒತ್ತಿದ. ಕೆಂಪು ಗೆರೆ ಹತ್ತು ನಲವತ್ತೊಂದಕ್ಕೆ ಬಾವಿಗೆ ಬಿಟ್ಟ ಕೊಡದ ಹಾಗೆ ಸೀದಾ ಇಳಿಯಿತು. ತಳಕ್ಕೆ ಹೋಗಿ ಅಡ್ಡಕ್ಕೆ ಮಲಗಿತು. ಕಪ್ಪು ಗೆರೆಯ ಮೇಲೇ ಮಲಗಿತು.

"ಯಾಕೆ ಅಲ್ಲೇ ಮಲ್ಕೊಂಡಿದೆ?" ಎಂದರು ಹಿರಿಯಮ್ಮ.

"ಅದಕ್ಕಿಂತ ಕೆಳಗೆ ಜಾಗಾನೇ ಇಲ್ಲಮ್ಮ. ನೀರು ಇಳೀತು, ಗಾಳಿ ಬರಲಿಲ್ಲ. ಅಲ್ಲಿ ಏನಂದ್ರೆ ಏನೂ ಇಲ್ಲ."

ಟೈಲರಮ್ಮ ಎರಡೂ ಕೈಯಿಂದ ಮೇಜು ಹಿಡಿದುಕೊಂಡರು. "ಅಂದ್ರೆ ಮುಚ್ಚಿತ್ತು."

"ಮುಚ್ಚಿತ್ತು. ಆದ್ರೆ ಇಲ್ಲಿ ನೋಡಿ." ಅತ್ತಿಗೆಯ ಬೆರಳು ಪರದೆಯ ಮೇಲೆ ಬಲಕ್ಕೆ ಜರುಗಿತು. ಹನ್ನೊಂದು ನಿಮಿಷ ತಳದಲ್ಲಿದ್ದ ಕಪ್ಪು ಗೆರೆ ಒಮ್ಮೆಲೇ ಎದ್ದು ನಿಂತಿತ್ತು. ಕೆಂಪು ಗೆರೆ ಮಾತ್ರ ಇನ್ನೂ ಮಲಗಿಯೇ ಇತ್ತು. "ಹತ್ತು ಐವತ್ತೆರಡಕ್ಕೆ ಏನಾಯ್ತು? ಪೈಪು ಹರಿದು ಗಾಳಿ ಬಂತಾ?"

"ಎಲ್ಲೂ ಹರಿದಿಲ್ಲ. ಚಪ್ಪಟೆಯಾಗಿದೆ ಅಷ್ಟೇ."

"ಹಾಗಾದ್ರೆ ಹತ್ತು ಐವತ್ತೆರಡಕ್ಕೆ ಒಂದು ಕೈ ಹಾಕು. ಮೇಲಿನ ಚಕ್ರ ತೆರೆಯೋ ಕೈ."

ಮೈದುನ ಅವಳನ್ನೇ ನೋಡಿದ. ಆಮೇಲೆ ತುಟಿ ಕಚ್ಚಿಕೊಂಡು ಅಂಕಿ ತುಂಬಿದ. ನಾಲ್ಕು ಸೆಕೆಂಡಿನಲ್ಲಿ ತೆರೆದರೆ ಗೆರೆ ಬೇಗ ಎದ್ದಿತು. ಹತ್ತು ಸೆಕೆಂಡಿಗೆ ಸೋಮಾರಿಯಾಯಿತು. ಆರು ಎಂದು ಹಾಕಿದಾಗ ಕೆಂಪು ಗೆರೆ ಎದ್ದು ಕಪ್ಪು ಗೆರೆಯ ಮೇಲೆ ಎಷ್ಟು ಸರಿಯಾಗಿ ಕುಳಿತಿತೆಂದರೆ, ಕಪ್ಪು ಗೆರೆ ಕಾಣಿಸಲೇ ಇಲ್ಲ.

ಮೈದುನ ಕುರ್ಚಿಯಿಂದ ಎದ್ದು ತಾಯಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. "ಬಿಡೋ, ಸೊಂಟ ಹೋಗುತ್ತೆ," ಎನ್ನುತ್ತಾ ಹಿರಿಯಮ್ಮ ಇನ್ನೊಂದು ಸುತ್ತೂ ತಿರುಗಿಸಿಕೊಂಡರು. ಟೈಲರಮ್ಮ ಮೊದಲು ಅತ್ತರು, ಆಮೇಲೆ ಅದೇ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು. ಎದುರಿಗೆ ಕುಳಿತವರ ಎದೆಯ ಭಾರ ಹೀಗೆ ಕಣ್ಣೆದುರೇ ಇಳಿಯುವುದನ್ನು ನೋಡುವುದಕ್ಕೇ ಅತ್ತಿಗೆ ಈ ಕಸುಬಿಗೆ ಬಂದಿದ್ದು. ಅವಳಿಗೆ ತುಂಬಾ ಸಂತೋಷವಾಯಿತು.

"ಆ ಹೊತ್ತಿಗೆ ನಿಮ್ಮವರು ಎಲ್ಲಿದ್ರು?"

"ಕೆಳಗೆ ಕಣಿವೇಲಿ. ವೆಲ್ಡಿಂಗಿನವರು ಇಬ್ಬರು ಪಕ್ಕದಲ್ಲೇ ಇದ್ರು."

"ಸರಿ. ತೆರೆದ ಕೈ ಬೇರೆ ಯಾರದೋ. ಆ ಕೈ ಬಾಯಿ ಮುಚ್ಚಿಕೊಂಡಿದೆ ಅಂದ್ರೆ ಅದಕ್ಕೆ ಕಾರಣ ಇದೆ."

"ಅತ್ತಿಗೆ, ಇನ್ನೊಂದು ತಮಾಷೆ," ಎಂದ ಮೈದುನ. "ಆ ಆರು ಸೆಕೆಂಡು ಗಾಳಿ ಒಳಗೆ ನುಗ್ಗಿದ ವೇಗ ನೋಡಿ. ಬಿರುಗಾಳಿಗಿಂತ ಜೋರು. ಏರ್ ವಾಲ್ವಿನ ಬಾಯಿಗಿದ್ದ ಜಾಲರಿ ತುಕ್ಕು ಹಿಡಿದು ಉದುರಿ ವರ್ಷ ಆಯ್ತು. ಹತ್ತಿರ ನಿಂತವನ ಟೋಪಿ ಇದ್ದಿದ್ರೂ ನುಂಗಿಬಿಡ್ತಿತ್ತು."

ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಗುಡ್ಡದ ಮೇಲೆ ಏರ್ ವಾಲ್ವಿನ ಸುತ್ತ ಕಟ್ಟಿದ ಕಟ್ಟೆಯ ಬೀಗದ ಕೀ ಮೂರು ಜನರ ಹತ್ತಿರ ಇತ್ತು. ಒಬ್ಬರು ವಾಲ್ವ್‌ಮನ್. ಇನ್ನೊಬ್ಬರು ಸ್ಟೋರಿನವರು, ಅವರು ಮಂಗಳವಾರ ಬೆಳಿಗ್ಗೆ ಹಲ್ಲು ಕೀಳಿಸಿಕೊಳ್ಳುತ್ತಿದ್ದರು. ಸಾಕ್ಷಿ ಬೇಕೆಂದಾಗ ಕಾಗದದಲ್ಲಿ ಸುತ್ತಿಟ್ಟಿದ್ದ ದವಡೆ ಹಲ್ಲನ್ನೇ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಇಷ್ಟು ಗಟ್ಟಿಯಾದ ಸಾಕ್ಷಿ ತನಗೆ ಬೇರೆಲ್ಲೂ ಸಿಕ್ಕಿಲ್ಲವೆಂದು ಅತ್ತಿಗೆ ಒಪ್ಪಿಕೊಂಡಳು.

ಉಳಿದವರು ಓವರ್‌ಸಿಯರ್. ಕಚೇರಿಯಲ್ಲಿ ಅವರಿಗೆ ಇಸ್ತ್ರಿ ಸಾಹೇಬರೆಂದು ಹೆಸರು. ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಜನ ಆಡಿಕೊಳ್ಳುತ್ತಿದ್ದರು. ಮಂಗಳವಾರ ಬೆಳಿಗ್ಗೆಯಿಡೀ ಕುರ್ಚಿ ಬಿಟ್ಟು ಎದ್ದಿರಲಿಲ್ಲವೆಂದು ಅವರು ತನಿಖೆಯವರಿಗೆ ಬರೆದುಕೊಟ್ಟಿದ್ದರು.

ಕಚೇರಿಗೆ ಹೋಗುವ ದಾರಿಯಲ್ಲಿ ಅತ್ತಿಗೆ ಇಸ್ತ್ರಿ ಅಂಗಡಿಯ ಮುಂದೆ ನಿಂತಳು.

"ಓವರ್‌ಸಿಯರ್ ಸಾಹೇಬರ ಬಟ್ಟೆ ನಿಮ್ಮ ಹತ್ರಾನೇ ಅಲ್ವಾ?"

"ಹೌದು ಅತ್ತಿಗೆ. ವಾರಕ್ಕೆ ಆರು ಶರ್ಟು, ಆರು ಪ್ಯಾಂಟು, ನೀಲಿ ಅಂಚಿನ ಆರು ಕರವಸ್ತ್ರ. ಒಂದು ಹೆಚ್ಚಿಲ್ಲ, ಕಮ್ಮಿಯಿಲ್ಲ. ಈ ವಾರ ಮಾತ್ರ ಐದೇ ಕರವಸ್ತ್ರ ಬಂತು. ನಾನೇ ಕಳೆದೆನೋ ಅಂತ ಮೂರು ಸಲ ಹುಡುಕಿದೆ."

"ನೀವು ಕಳೆದಿಲ್ಲ ಬಿಡಿ. ನೆಮ್ಮದಿಯಾಗಿರಿ."

ಮೂರೂಕಾಲಿಗೆ ಅವಳು ಓವರ್‌ಸಿಯರ್ ಕೋಣೆಯ ಬಾಗಿಲು ತಟ್ಟಿದಳು. ಮೈದುನ ಲ್ಯಾಪ್‌ಟಾಪ್ ಎತ್ತಿಕೊಂಡು ಮುಖ್ಯ ಇಂಜಿನಿಯರ್ ಕೋಣೆಗೆ ಹೋದ. ವಾಲ್ವ್‌ಮನ್ ಹೊರಗೆ ಬೆಂಚಿನ ಮೇಲೆ ಒಬ್ಬರೇ ತಲೆ ತಗ್ಗಿಸಿ ಕುಳಿತಿದ್ದರು; ಗೆದ್ದಾಯಿತೆಂದು ಹೆಂಡತಿ ಹೇಳಿದರೂ ಅವರು ತಲೆ ಎತ್ತಿರಲಿಲ್ಲ. ಟೈಲರಮ್ಮ ಅವರಿಗೆ ಚಹಾ ತರಲು ಹೋಗಿದ್ದರು.

"ಬನ್ನಿ ಅತ್ತಿಗೆ. ಆ ಮನುಷ್ಯನ ಪರವಾಗಿ ಬಂದಿದ್ರೆ ತಡ ಆಯ್ತು," ಎಂದರು ಇಸ್ತ್ರಿ ಸಾಹೇಬರು.

"ನಿಮ್ಮ ಪರವಾಗಿ ಬಂದಿದ್ದೀನಿ. ನಿಮ್ಮದೊಂದು ವಸ್ತು ಕಳೆದಿದೆಯಂತೆ, ಹುಡುಕಿಕೊಡೋಣ ಅಂತ."

"ನನ್ನದು ಏನೂ ಕಳೆದಿಲ್ಲ."

"ನೀಲಿ ಅಂಚಿನದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಾಹೇಬರ ಕೈ ತಾನಾಗಿ ಜೇಬಿಗೆ ಹೋಯಿತು.

"ಮಂಗಳವಾರ ಹತ್ತು ನಲವತ್ತೊಂದಕ್ಕೆ ಈ ಗೋಡೆ ಮೇಲಿನ ಮಾಪಕದ ಮುಳ್ಳು ಬಿತ್ತು. ನೀವು ನೋಡಿದ್ರಿ. ಸ್ಕೂಟರ್ ಹತ್ತಿದ್ರಿ. ಇಲ್ಲಿಂದ ಗುಡ್ಡಕ್ಕೆ ಎಷ್ಟು ನಿಮಿಷ ಸಾಹೇಬರೇ?"

ಸಾಹೇಬರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

"ಹನ್ನೊಂದು. ಚಕ್ರ ತೆರೆಯೋಕೆ ಆರು ಸೆಕೆಂಡು. ಅಷ್ಟರಲ್ಲಿ ಪೈಪು ಹೋಗಿತ್ತು."

"ಇದೆಲ್ಲಾ ನಿಮ್ಮ ಊಹೆ."

"ಇರಬಹುದು. ನಾಡಿದ್ದು ಸೋಮವಾರ ಹೊಸ ಪೈಪು ಹಾಕೋಕೆ ಹಳೇದನ್ನ ಕತ್ತರಿಸ್ತಾರೆ. ಒಳಗೆ ನಿಮ್ಮ ಕರವಸ್ತ್ರ ಸಿಕ್ಕಿದ್ರೆ, ಅದು ಊರಿನ ನಲ್ಲಿಯಿಂದ ಈಜಿಕೊಂಡು ಗುಡ್ಡ ಹತ್ತಿತು ಅಂತ ಬರೆದುಕೊಡ್ತೀರಾ?"

ಇಸ್ತ್ರಿ ಸಾಹೇಬರು ಕುರ್ಚಿಯಲ್ಲಿ ಕುಳಿತ ರೀತಿಗೆ ಪ್ಯಾಂಟಿನ ಗೆರೆ ಎರಡೂ ಕಾಲಲ್ಲಿ ಸೊಟ್ಟಗಾಯಿತು. ಅದನ್ನು ಸರಿಮಾಡಿಕೊಳ್ಳಲೂ ಅವರಿಗೆ ಮನಸ್ಸಾಗಲಿಲ್ಲ.

"ಪೈಪು ಉಳಿಸೋಕೇ ಓಡಿದ್ದು ಅತ್ತಿಗೆ. ಮೆಟ್ಟಿಲು ಹತ್ತುವಾಗಲೇ ಧಡ್ ಅಂತ ಶಬ್ದ ಕೇಳಿಸ್ತು. ಚಕ್ರ ತೆರೆದೆ, ಕೈಯೆಲ್ಲಾ ಗ್ರೀಸು. ಒರೆಸ್ಕೊಳ್ಳೋಣ ಅಂತ ಕರವಸ್ತ್ರ ತೆಗೆದ್ರೆ ಸುಯ್ ಅಂತ ಒಳಗೆ ಹೋಗೇಬಿಡ್ತು. ಹೋದದ್ದು ಕಣ್ಣಿಗೂ ಕಾಣಲಿಲ್ಲ."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದನ್ನು ನೋಡಿ ಸಾಹೇಬರ ತುಟಿಯೂ ಒಂದು ಕ್ಷಣ ಸಡಿಲವಾಯಿತು.

"ಹೋಗಿದ್ದೆ ಅಂತ ಆವತ್ತೇ ಹೇಳಬಹುದಿತ್ತಲ್ಲ?"

"ಹೇಗೆ ಹೇಳಲಿ? ಸೋಮವಾರ ಮೇಲೆ ಹೋಗಿ ಎಲ್ಲಾ ಚಕ್ರ ನೋಡಿ ಬಂದೆ ಅಂತ ಸಹಿ ಹಾಕಿದ್ದೆ. ಹೋಗಿರಲಿಲ್ಲ. ಅರ್ಧ ದಿನ ಕ್ಷೌರದ ಅಂಗಡೀಲಿದ್ದೆ. ಮಂಗಳವಾರ ಅದು ಮುಚ್ಚಿತ್ತು ಅಂದ್ರೆ, ಸೋಮವಾರ ನೀನು ಏನು ನೋಡಿದೆ ಅಂತ ಕೇಳ್ತಾರೆ."

"ನಿಮ್ಮ ಒಂದು ಕ್ಷೌರಕ್ಕೆ ಅವರ ಕೆಲಸ ಹೋಗ್ಬೇಕಾ? ಉಪ್ಪು ತಿಂದವರು ನೀರು ಕುಡೀಬೇಕು ಸಾಹೇಬರೇ. ಊರಲ್ಲಿ ನೀರಿಲ್ಲ, ಅದು ಬೇರೆ ಮಾತು. ನಾಲ್ಕು ಗಂಟೆಯೊಳಗೆ ನೀವೇ ಹೋಗಿ ಹೇಳಿ."

"ಹೇಳ್ತೀನಿ." ಅವರು ನಿಜವಾಗಿ ಹಗುರಾದಂತೆ ಕಂಡರು. "ತೆರೆದದ್ದು ನಾನು. ಒಪ್ತೀನಿ. ಆದ್ರೆ ಮುಚ್ಚಿದ್ದು ನಾನಲ್ಲ. ಇದು ಆ ಚಕ್ರಕ್ಕೆ ಕಟ್ಟಿತ್ತು."

ಮೇಜಿನ ಖಾನೆಯಿಂದ ಒಂದು ಬಟ್ಟೆಯ ಪಟ್ಟಿ ತೆಗೆದು ಮುಂದಿಟ್ಟರು. ಯಾವುದೇ ಚಕ್ರವನ್ನು ಮುಚ್ಚಿದವನು ಅದಕ್ಕೆ ತನ್ನ ಗುರುತಿನ ಬಟ್ಟೆ ಕಟ್ಟಬೇಕು, ಅವನೇ ಬಂದು ಬಿಚ್ಚುವವರೆಗೆ ಬೇರೆ ಯಾರೂ ಮುಟ್ಟಬಾರದು ಎಂಬುದು ನೀರಿನವರ ಹಳೆಯ ಕಟ್ಟುಪಾಡು. ಇದು ಹಸಿರು ಬ್ಲೌಸ್ ಬಟ್ಟೆ. ಅಂಚು ಬಿಡದಂತೆ ಮಷೀನಿನಲ್ಲಿ ನೀಟಾಗಿ ಹೊಲಿದದ್ದು. ಟೈಲರಮ್ಮನ ಕೈಯ ಹೊಲಿಗೆ ಊರಿನ ಹೆಂಗಸರಿಗೆಲ್ಲ ಗೊತ್ತು, ಅತ್ತಿಗೆಗೂ ಗೊತ್ತು.

"ಇದನ್ನ ತೋರಿಸಿದ್ರೆ ನಾನು ಅಲ್ಲಿಗೆ ಹೋಗಿದ್ದೂ ಗೊತ್ತಾಗುತ್ತೆ ಅಂತ ಇಷ್ಟು ದಿನ ಇಟ್ಕೊಂಡಿದ್ದೆ," ಎಂದರು ಸಾಹೇಬರು.

ತೆರೆದ ಕೈ ಯಾವುದೆಂದು ಅವಳು ಸುಳ್ಳು ಪೈಪನ್ನು ಕೇಳಿದ್ದಳು. ಮುಚ್ಚಿದ ಕೈ ಯಾವುದೆಂದು ಕೇಳಲೇ ಇಲ್ಲ. ಸಂತೋಷದಲ್ಲಿ ಮರೆತಿದ್ದಳು. ಅವಳು ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಳು.

ಬೆಂಚಿನ ಮೇಲೆ ಕುಳಿತು ಮುಷ್ಟಿ ಬಿಚ್ಚಿ ತೋರಿಸಿದಾಗ ವಾಲ್ವ್‌ಮನ್ ಬೆಚ್ಚಲಿಲ್ಲ.

"ಹೌದು ಅತ್ತಿಗೆ. ಸೋಮವಾರ ಸಂಜೆ ನಾನೇ ಮುಚ್ಚಿದ್ದು."

"ಮೂವತ್ತೊಂದು ವರ್ಷದ ಕೈ. ನೀರು ಬಿಡೋ ಮೊದಲು ಗಾಳಿ ಮುಚ್ಚಬಾರದು ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಎರಡನೇ ಚಕ್ರ ಮುಚ್ಚಿ ಅಂತ ಕಚೇರಿಯಿಂದ ಫೋನ್ ಬಂತು. ವಿಚಿತ್ರ ಅನ್ನಿಸ್ತು. ಆದ್ರೆ ಕಂಪ್ಯೂಟರಿನಲ್ಲಿ ನೋಡಿ ಹೇಳ್ತಾ ಇದ್ದಾರೆ, ಹೊಸ ಲೆಕ್ಕ ಇರಬಹುದು ಅಂದ್ಕೊಂಡೆ." ಅವರು ಅಂಗೈ ಉಜ್ಜಿಕೊಂಡರು. "ಪೈಪು ಹೋದ ಮೇಲೆ ಹೊಳೀತು. ಕಚೇರಿಯವರು ನಕ್ಷೆ ನೋಡಿ ಟ್ಯಾಂಕಿನ ಕಡೆಯಿಂದ ಎಣಿಸ್ತಾರೆ. ನಾವು ಊರಿನ ಕಡೆಯಿಂದ ನಡ್ಕೊಂಡು ಹೋಗೋರು, ಇಲ್ಲಿಂದ ಎಣಿಸ್ತೀವಿ. ಅವರ ಎರಡನೇದು ಟ್ಯಾಂಕಿನ ಹತ್ರದ ಪಕ್ಕದ ಪೈಪಿನ ಚಕ್ರ, ಅದನ್ನ ಮುಚ್ಚಲೇಬೇಕಿತ್ತು. ನಮ್ಮ ಎರಡನೇದು ಗುಡ್ಡದ ಮೇಲಿನದು. ಮೊದಲಿಂದಲೂ ನಡುವೆ ನಿಂತು ಸರಿಮಾಡಿ ಹೇಳೋರು ಓವರ್‌ಸಿಯರ್ ಸಾಹೇಬರು. ಸೋಮವಾರ ಅವರು ಕುರ್ಚೀಲಿರಲಿಲ್ಲ. ಹೊಸಬರು ಪಾಪ, ನೇರ ನನಗೇ ಹೇಳಿಬಿಟ್ರು."

"ಯಾವ ಹೊಸಬರು?"

ವಾಲ್ವ್‌ಮನ್ ಐದು ದಿನದಲ್ಲಿ ಮೊದಲ ಸಲ ತಲೆ ಎತ್ತಿದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ.

"ನಿಮ್ಮ ಮೈದುನ, ಅತ್ತಿಗೆ. ಅವರಿಗೆ ಇನ್ನೂ ಗೊತ್ತೇ ಇಲ್ಲ. ನಾನು ಹೇಳಲಿಲ್ಲ, ನೀವೂ ಹೇಳಬೇಡಿ. ಕೆಲಸಕ್ಕೆ ಕಾಲಿಟ್ಟು ಆರು ತಿಂಗಳು ಆಗಿದೆ ಅಷ್ಟೇ."

ಕಾರಿಡಾರಿನ ಕೊನೆಯ ಬಾಗಿಲು ದಢಾರನೆ ತೆರೆದುಕೊಂಡಿತು. ಮೈದುನ ಓಡುತ್ತಾ ಬಂದ. ಇನ್ನೂ ಒಣಗದ ಪ್ಯಾಂಟು, ಮುಖದ ತುಂಬ ನಗು.

"ಅತ್ತಿಗೆ, ಎರಡೂ ಗೆರೆ ನೋಡಿ ಮುಖ್ಯ ಇಂಜಿನಿಯರ್ ಬೆನ್ನು ತಟ್ಟಿದ್ರು. ಸೋಮವಾರವೇ ನನ್ನ ಕೆಲಸ ಕಾಯಂ ಅಂತೆ. ಇವರ ಕಾಗದಾನೂ ಹರಿದು ಹಾಕ್ತಾರಂತೆ," ಎಂದು ಅವನು ವಾಲ್ವ್‌ಮನ್ನರ ಎರಡೂ ಕೈ ಹಿಡಿದು ಕುಲುಕಿದ. "ಒಂದೇ ಪ್ರಶ್ನೆ ಉಳಿದಿದೆ. ಮುಚ್ಚಿದ್ದು ಯಾರು, ಯಾಕೆ? ಆ ತಪ್ಪು ಮಾಡಿದವರನ್ನ ಮಾತ್ರ ಒಂದು ದಿನಾನೂ ಇಟ್ಕೊಳ್ಳಲ್ಲ ಅಂದ್ರು. ನಮ್ಮ ಅತ್ತಿಗೆಗೆ ಗೊತ್ತಾಗದ್ದು ಇಲ್ಲ, ಕರ್ಕೊಂಡು ಬರ್ತೀನಿ ಅಂತ ಹೇಳಿ ಬಂದೆ. ಬನ್ನಿ, ಬೇಗ ಬನ್ನಿ."

ಅವನು ಅವಳ ಮೊಣಕೈ ಹಿಡಿದು ಎಬ್ಬಿಸಿದ. ಬೆಂಚಿನ ಮೇಲಿಂದ ವಾಲ್ವ್‌ಮನ್ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಇದ್ದರು. ಮೆಟ್ಟಿಲ ಹತ್ತಿರ ಟೈಲರಮ್ಮ ಎರಡು ಲೋಟ ಚಹಾ ಹಿಡಿದು ನಗುತ್ತಾ ಬರುತ್ತಿದ್ದರು.

ತೆರೆದ ಬಾಗಿಲಾಚೆ ಮುಖ್ಯ ಇಂಜಿನಿಯರ್ ಪೆನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು.

"ಹೇಳಿ ಅತ್ತಿಗೆ," ಎಂದರು. "ಯಾರ ಹೆಸರು ಬರೀಲಿ?"